ಕ್ವೀನ್ಸ್‌ಟೌನಿನ ಸರೋವರ ತೀರದಲ್ಲಿ ಒಂದು ದಿನ

“ದೇಶ ಸುತ್ತು, ಕೋಶ ಓದು” ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಬಾಲ್ಯದಲ್ಲಿಯೇ ಮಠದ ಪ್ರಸಾದನಿಲಯವನ್ನು ಸೇರಿ, ಅಲ್ಲಿಯ ಪಾಠಶಾಲೆಯಲ್ಲಿ ಓದಿ, ಮುಂದೆ ಅಧ್ಯಾಪನದಲ್ಲಿಯೇ ಆಯುಷ್ಯದ ಬಹುಭಾಗವನ್ನು ಸವೆಸಿದ ನಮಗೆ ಕೋಶವು ಬೇಕಾದಷ್ಟು ದೊರೆಯಿತು. ದೇಶ ಸುತ್ತುವ ಯೋಗ ಒದಗಿದುದು ಮಾತ್ರ ಅರವತ್ತು ದಾಟಿದ ಮೇಲೆ. ನಮ್ಮ ಮಗನು ನ್ಯೂಜಿಲೆಂಡ್ ದೇಶದ ಕ್ರೈಸ್ಟ್‌ಚರ್ಚ್ ನಗರದಲ್ಲಿ ಉದ್ಯೋಗದಲ್ಲಿದ್ದಾನೆ. ೨೦೨೪ರ ಏಪ್ರಿಲ್ ತಿಂಗಳಿನಲ್ಲಿ ನಾವು ಮತ್ತು ನಮ್ಮ ಮನೆಯವರು ಅವನಲ್ಲಿಗೆ ಹೋಗಿದ್ದಾಗ ಮೊಮ್ಮಗಳ ಶಾಲೆಗೆ ಎರಡು ವಾರಗಳ ರಜೆ ಬಂದಿತು. ಮಗನು ಬಾಡಿಗೆಗೆ ಒಂದು ‘ಕ್ಯಾಂಪರ್‌ವ್ಯಾನ್’ ತಂದು ಮನೆಯ ಮುಂದೆ ನಿಲ್ಲಿಸಿದನು. ಹೀಗೆ ಐದು ಜನರ ನಮ್ಮ ಕುಟುಂಬವು ಒಂದೇ ವಾಹನದಲ್ಲಿ ಉಂಡು, ಮಲಗಿ, ಆ ದೇಶದ ದಕ್ಷಿಣ ದ್ವೀಪವನ್ನು ಎಂಟು ದಿನ ಸುತ್ತಿತು. ಅವುಗಳಲ್ಲಿ ಕ್ವೀನ್ಸ್‌ಟೌನ್ ಎಂಬ ಸರೋವರದ ಊರಿನಲ್ಲಿ ಕಳೆದ ಒಂದು ದಿನವನ್ನು ಕುರಿತು ವಾಚಕರೊಡನೆ ನಾಲ್ಕು ಮಾತು ಹಂಚಿಕೊಳ್ಳಬೇಕೆನಿಸಿದೆ. ಅದು ವಿನೋದಕ್ಕೆಂದೇ ಮೀಸಲಾಗಿದ್ದ ದಿನ. ಆದರೂ ಈ ವಯಸ್ಸಿನಲ್ಲಿ ನಾವು ಹೊಸದಾಗಿ ಕಲಿತ ಪಾಠವೊಂದು ಆ ದಿನಕ್ಕೇ ಸೇರಿದೆ.

ಮೊದಲು ಆ ವಾಹನದ ವಿಚಾರ. ಕ್ಯಾಂಪರ್‌ವ್ಯಾನ್ ಎಂದರೆ ಗಾಲಿಗಳ ಮೇಲೆ ನಿಂತ ಮನೆ. ನಮ್ಮ ಕಡೆಯ ಮಿನಿಬಸ್ಸಿನಷ್ಟು ಉದ್ದವಿದ್ದ ಆ ವಾಹನದಲ್ಲಿ ಗ್ಯಾಸಿನ ಒಲೆ, ಚಿಕ್ಕ ಫ್ರಿಜ್, ಪಾತ್ರೆ ತೊಳೆಯುವ ಬೋಗುಣಿ, ಒಬ್ಬರು ಮಾತ್ರ ನಿಲ್ಲಬಹುದಾದ ಸ್ನಾನಗೃಹ, ಅದರಲ್ಲಿಯೇ ಶೌಚದ ವ್ಯವಸ್ಥೆ ಎಲ್ಲವೂ ಇದ್ದವು. ಹಗಲು ಊಟದ ಮೇಜಾಗಿದ್ದುದೇ ರಾತ್ರಿ ಹಾಸಿಗೆಯಾಗುತ್ತಿತ್ತು. ಚಾಲಕನ ತಲೆಯ ಮೇಲೆ ಅಟ್ಟದಂತಹ ಒಂದು ಮಂಚವಿದ್ದಿತು; ಒಂಬತ್ತು ವರ್ಷದ ಮೊಮ್ಮಗಳು ಮೊದಲ ದಿನವೇ ಅದು ತನ್ನದೆಂದು ಸಾರಿಬಿಟ್ಟಳು. ವಾಹನದ ಹೊಟ್ಟೆಯೊಳಗೆ ಮೂರು ತೊಟ್ಟಿಗಳು. ಒಂದು ಶುದ್ಧ ನೀರಿಗೆ, ಇನ್ನೊಂದು ಬಳಸಿದ ನೀರಿಗೆ, ಮೂರನೆಯದು ಶೌಚಕ್ಕೆ. ಬಳಸಿದ ನೀರಿನ ಒಂದು ಹನಿಯೂ ದಾರಿಯಲ್ಲಿ ಬೀಳುವಂತಿಲ್ಲ.

ಇದು ಆ ದೇಶದ ಕಾಯಿದೆಯ ಮಾತು. ಊರ ಹೊರಗೆ, ನದಿಯ ದಂಡೆಯಲ್ಲಿ ವಾಹನ ನಿಲ್ಲಿಸಿ ರಾತ್ರಿ ಕಳೆಯುವ ರೂಢಿ ಅಲ್ಲಿ ಹಿಂದಿನಿಂದ ಬಂದದ್ದು. ಪ್ರವಾಸಿಗರು ಹೆಚ್ಚಿದಂತೆ ಹೊಲಸೂ ಹೆಚ್ಚಿ, ೨೦೧೧ರಲ್ಲಿ ಇದಕ್ಕಾಗಿಯೇ ಒಂದು ಕಾಯಿದೆ ಬಂದಿತು. ೨೦೨೩ರಲ್ಲಿ ಅದನ್ನು ಇನ್ನಷ್ಟು ಬಿಗಿಗೊಳಿಸಲಾಯಿತು. ತನ್ನ ಜನರಿಗೆ ಮೂರು ದಿನ ಸಾಲುವಷ್ಟು ನೀರನ್ನು ಹೊತ್ತು, ಮೂರು ದಿನಗಳ ಕೊಳೆಯನ್ನೂ ತನ್ನಲ್ಲಿಯೇ ಹಿಡಿದಿಟ್ಟುಕೊಳ್ಳಬಲ್ಲ ವಾಹನಕ್ಕೆ ಮಾತ್ರ ‘ಸ್ವಯಂಪೂರ್ಣ’ವೆಂಬ ಪ್ರಮಾಣಪತ್ರ ದೊರೆಯುತ್ತದೆ. ಮಗನು ಇದನ್ನು ವಿವರಿಸಿದಾಗ ನಾವು ತಲೆದೂಗಿದೆವು. ಆದರೆ ತಲೆದೂಗುವುದು ಬೇರೆ, ತಿಳಿಯುವುದು ಬೇರೆ ಎಂಬುದು ಮುಂದೆ ಗೊತ್ತಾಯಿತು.

ಕ್ರೈಸ್ಟ್‌ಚರ್ಚಿನಿಂದ ಕ್ವೀನ್ಸ್‌ಟೌನಿಗೆ ಸುಮಾರು ೪೮೦ ಕಿಲೋಮೀಟರು. ಅಲ್ಲಿಯೂ ನಮ್ಮಲ್ಲಿಯಂತೆ ರಸ್ತೆಯ ಎಡಬದಿಯಲ್ಲಿಯೇ ವಾಹನ ನಡೆಸುತ್ತಾರೆ. ಟೆಕಾಪೊ, ಪುಕಾಕಿ ಎಂಬ ಎರಡು ಸರೋವರಗಳು ದಾರಿಯಲ್ಲಿ ಸಿಗುತ್ತವೆ. ಹಿಮನದಿಗಳು ಬಂಡೆಯನ್ನು ಅರೆದು ಮಾಡಿದ ನುಣುಪಾದ ಹಿಟ್ಟು ಅವುಗಳ ನೀರಿನಲ್ಲಿ ತೇಲುತ್ತಿರುವುದರಿಂದ ಅವಕ್ಕೆ ಹಾಲು ಬೆರೆಸಿದ ನೀಲಿಯ ಬಣ್ಣ. ಪುಕಾಕಿಯ ತುದಿಯಲ್ಲಿ ೩,೭೨೪ ಮೀಟರ್ ಎತ್ತರದ ಆವೊರಾಕಿ ಪರ್ವತವು ಹಿಮವನ್ನು ಹೊದ್ದು ನಿಂತಿದ್ದಿತು. ಮುಂದೆ ೯೭೧ ಮೀಟರ್ ಎತ್ತರದ ಲಿಂಡಿಸ್ ಕಣಿವೆಯನ್ನು ಹತ್ತಿ ಇಳಿದೆವು. ಮರವೇ ಇಲ್ಲದ, ಕಂದು ಬಣ್ಣದ ಹುಲ್ಲಿನ ಬೆಟ್ಟಗಳು ಅವು. ಕವಾರೌ ನದಿಯ ಮೇಲೆ ೧೮೮೦ರಲ್ಲಿ ಕಟ್ಟಿದ ತೂಗುಸೇತುವೆಯ ಬಳಿ ಜನ ಕಿಕ್ಕಿರಿದಿದ್ದರು. ಕಾಲಿಗೆ ರಬ್ಬರಿನ ಹಗ್ಗ ಕಟ್ಟಿಕೊಂಡು ೪೩ ಮೀಟರ್ ಕೆಳಗಿನ ನದಿಯತ್ತ ಧುಮುಕುವ ಆಟವನ್ನು ೧೯೮೮ರಲ್ಲಿ ಇಲ್ಲಿಯೇ ವ್ಯಾಪಾರವಾಗಿ ಆರಂಭಿಸಿದರಂತೆ. ನಮ್ಮ ಮನೆಯವರು ಒಬ್ಬ ತರುಣಿ ಧುಮುಕುವುದನ್ನು ಕಂಡು ಕಣ್ಣು ಮುಚ್ಚಿಕೊಂಡು, “ಆ ಹುಡುಗಿಯ ತಾಯಿಗೆ ಗೊತ್ತದನೋ ಇಲ್ಲೋ” ಎಂದರು.

ಸಂಜೆ ಕ್ವೀನ್ಸ್‌ಟೌನನ್ನು ತಲುಪಿ, ಊರಿನ ನಡುವೆಯೇ ಇದ್ದ ಒಂದು ವಾಹನ ಬಿಡಾರದಲ್ಲಿ ತಂಗಿದೆವು. ಸಣ್ಣ ಸಣ್ಣ ಕಟ್ಟೆಗಳ ನಡುವೆ ಸಾಲಾಗಿ ವಾಹನಗಳು. ಪ್ರತಿಯೊಂದಕ್ಕೂ ವಿದ್ಯುತ್ತಿನ ಒಂದು ಕಂಬ, ನೀರಿನ ಒಂದು ನಲ್ಲಿ.

ಮರುದಿನ ಬೆಳಗಿನ ಜಾವಕ್ಕೆ ಎದ್ದೆವು. ಹೊರಗೆ ಕೈ ಮರಗಟ್ಟುವ ಚಳಿ. ಎಲ್ಲರೂ ಮಲಗಿರುವಾಗ ಇದ್ದಷ್ಟು ಜಾಗದಲ್ಲಿಯೇ ಸ್ನಾನ ಪೂಜೆಗಳನ್ನು ಮುಗಿಸಿ, ನಮ್ಮ ಬಟ್ಟೆಗಳೆರಡನ್ನು ಸಾಬೂನು ಹಚ್ಚಿ ಬೋಗುಣಿಯಲ್ಲಿ ಹಿಂಡಿದೆವು. ಬಳಸಿದ ನೀರಿನ ತೊಟ್ಟಿ ಹಿಂದಿನ ದಿನವೇ ತುಂಬುತ್ತ ಬಂದಿದ್ದುದರಿಂದ ಬೋಗುಣಿಯ ನೀರು ಇಳಿಯಲೊಲ್ಲದು. ಮಗನನ್ನು ಎಬ್ಬಿಸುವುದೇಕೆಂದು ಆ ನೀರನ್ನು ಒಂದು ಪಾತ್ರೆಗೆ ತುಂಬಿ, ಬಾಗಿಲು ತೆರೆದು, ಹುಲ್ಲಿನ ಮೇಲೆ ಚೆಲ್ಲಲು ಕೈ ಎತ್ತಿದೆವು. ಅರ್ಧ ಚೆಲ್ಲಿಯೂ ಆಗಿದ್ದಿತು.

ಅಟ್ಟದ ಮೇಲಿನಿಂದ ಪುಟ್ಟ ದನಿಯೊಂದು ಕೇಳಿಸಿತು. “ಅಜ್ಜಾ, ಚೆಲ್ಲಬ್ಯಾಡ್ರಿ! ಆ ನೀರು ಕೆರಿಗೆ ಹೋಗ್ತದ.”

ನಮಗೆ ಮೊದಲು ಬಂದದ್ದು ಸಿಟ್ಟು. “ಹುಲ್ಲಿಗೆ ಹಾಕಿದರೆ ಹುಲ್ಲು ಕುಡಿಯುತ್ತದೆ, ಅದರಲ್ಲೇನು?” ಎಂದೆವು. ಮೊಮ್ಮಗಳು ಕೆಳಗಿಳಿದು ಬಂದು, ನಮ್ಮ ಕೈ ಹಿಡಿದು ಹೊರಗೆ ಕರೆದೊಯ್ದಳು. ನೊರೆಯು ಹುಲ್ಲಿನ ಅಂಚಿನಿಂದ ಇಳಿಜಾರಿನ ದಾರಿಗೆ, ಅಲ್ಲಿಂದ ಮಳೆನೀರಿನ ಚರಂಡಿಗೆ ಸಣ್ಣಗೆ ಹರಿಯುತ್ತಿದ್ದಿತು. ಆ ಚರಂಡಿ ಇಳಿಯುವ ದಿಕ್ಕನ್ನು ಅವಳು ಬೆರಳಿನಿಂದ ತೋರಿಸಿದಳು. ಮನೆಗಳ ಸಾಲಿನ ಆಚೆ ಬೆಳಗಿನ ಬೆಳಕಿನಲ್ಲಿ ಸರೋವರದ ಒಂದು ತುಣುಕು ಕಾಣುತ್ತಿದ್ದಿತು. ಅವಳು ಗದರಿಸಲಿಲ್ಲ, ನಗಲೂ ಇಲ್ಲ. ಶಾಲೆಯಲ್ಲಿ ಕಲಿತದ್ದನ್ನು ಒಪ್ಪಿಸುವ ಮಗುವಿನಂತೆ ನಿಂತಿದ್ದಳು. ಉಳಿದ ಅರ್ಧ ಪಾತ್ರೆ ನೀರನ್ನು ಹಿಡಿದುಕೊಂಡು ನಾವು ಒಳಗೆ ಬಂದೆವು. ನಲವತ್ತು ವರ್ಷ ಪಾಠ ಹೇಳಿದ ಬಾಯಿಗೆ ಆಗ ಮಾತು ಹೊಳೆಯಲಿಲ್ಲ.

ನಾಚಿಕೆಯಾದುದು ಆ ಪಾಠ ನಮಗೆ ಹೊಸದೆಂದಲ್ಲ, ಹಳೆಯದೆಂದು. ನಾವು ಓದಿದ ಪ್ರಸಾದನಿಲಯದಲ್ಲಿ ಒಂದೇ ಬಾವಿ. ಬೇಸಿಗೆಯಲ್ಲಿ ಅದರ ತಳ ಕಾಣುತ್ತಿದ್ದಿತು. ಗಡಗಡಿಗೆ ಹಗ್ಗ ಹಾಕಿ ಸೇದಿದರೆ ಹುಡುಗನಿಗೆ ಒಂದು ಕೊಡ; ಸ್ನಾನಕ್ಕೂ ಅಷ್ಟೇ, ಬಟ್ಟೆಗೂ ಅಷ್ಟೇ. “ನೀರನ್ನು ತುಪ್ಪದಂತೆ ಬಳಸಬೇಕು” ಎಂದು ಹಿರಿಯರು ಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದರು. ಬಚ್ಚಲಿನ ನೀರು ಕಾಲುವೆಯ ಮೂಲಕ ಹಿತ್ತಿಲಿನ ಬಾಳೆಯ ಗಿಡಗಳಿಗೆ ಹೋಗುತ್ತಿದ್ದಿತು. ಆಗ ಬಳಸುತ್ತಿದ್ದುದು ಸೀಗೆಪುಡಿ ಮತ್ತು ಬೂದಿ. ಮಣ್ಣು ಅವನ್ನು ಒಪ್ಪಿಕೊಳ್ಳುತ್ತಿದ್ದಿತು. ಮುಂದೆ ಮನೆಗೆ ನಲ್ಲಿ ಬಂದಿತು, ಸಾಬೂನಿನ ಪುಡಿ ಬಂದಿತು, ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂಬ ವಿಚಾರ ಮನಸ್ಸಿನಿಂದ ಹೋಯಿತು. ಹನ್ನೆರಡನೆಯ ವಯಸ್ಸಿನಲ್ಲಿ ಕಲಿತು ಮರೆತದ್ದನ್ನು, ಬಾವಿಯನ್ನೇ ಕಾಣದ ಒಂಬತ್ತು ವರ್ಷದ ಹುಡುಗಿ ನೆನಪಿಸಿದಳು.

ಉಪ್ಪಿಟ್ಟು, ಚಹಾ ಮುಗಿಸಿ ಎಲ್ಲರೂ ಸರೋವರದತ್ತ ನಡೆದೆವು. ಹತ್ತು ನಿಮಿಷದ ದಾರಿ. ಅದರ ಹೆಸರು ವಾಕಾಟಿಪು. ಮಿಂಚಿನ ರೇಖೆಯಂತೆ ಎರಡು ಕಡೆ ಮುರಿದುಕೊಂಡು ೮೦ ಕಿಲೋಮೀಟರ್ ಉದ್ದಕ್ಕೆ ಬಿದ್ದಿರುವ ಅದು ಆ ದೇಶದ ಅತಿ ಉದ್ದನೆಯ ಸರೋವರ. ವಿಸ್ತೀರ್ಣ ೨೯೧ ಚದರ ಕಿಲೋಮೀಟರು. ಸಮುದ್ರಮಟ್ಟದಿಂದ ಸುಮಾರು ೩೧೦ ಮೀಟರ್ ಮೇಲಿದ್ದರೂ ಆಳವು ಸುಮಾರು ೩೮೦ ಮೀಟರ್ ಇರುವುದರಿಂದ ಅದರ ತಳವು ಸಮುದ್ರಮಟ್ಟಕ್ಕಿಂತ ಕೆಳಗಿದೆ. ಹಿಮಯುಗದ ಹಿಮನದಿಯೊಂದು ಬೆಟ್ಟಗಳ ನಡುವೆ ಕೊರೆದು ಹೋದ ಹೊಂಡವಿದು. ಎದುರಿಗೆ ರಿಮಾರ್ಕಬಲ್ಸ್ ಎಂಬ ಗರಗಸದ ಹಲ್ಲಿನಂತಹ ಪರ್ವತಶ್ರೇಣಿ. ದಂಡೆಯ ಪಾಪ್ಲರ್ ಮತ್ತು ವಿಲೋ ಮರಗಳು ಶರತ್ಕಾಲದ ಹಳದಿಗೆ ತಿರುಗಿ, ಅದೇ ಹಳದಿ ನೀರಿನಲ್ಲಿಯೂ ಕಾಣುತ್ತಿದ್ದಿತು. ಮೊಣಕಾಲಿನ ಆಳದಲ್ಲಿ ಬಿದ್ದ ಪ್ರತಿಯೊಂದು ಹರಳನ್ನೂ ಎಣಿಸುವಂತೆ ನೀರು ತಿಳಿಯಾಗಿದ್ದಿತು. ಬೆಳಗಿನ ನೊರೆಯ ನೆನಪಾಗಿ ನಾವು ಮೊಮ್ಮಗಳ ಕಡೆ ನೋಡಲಿಲ್ಲ.

ಈ ಸರೋವರಕ್ಕೆ ಮಾವೊರಿ ಜನರ ಒಂದು ಕಥೆಯಿದೆ. ಮಟಾವು ಎಂಬ ದೈತ್ಯನು ಮುಖಂಡನೊಬ್ಬನ ಮಗಳಾದ ಮನಾಟಾಳನ್ನು ಹೊತ್ತೊಯ್ದನು. ಅವಳನ್ನು ಪ್ರೀತಿಸಿದ್ದ ಮಟಕೌರಿ ಎಂಬ ತರುಣನು ಅವಳನ್ನು ಬಿಡಿಸಿ, ನಿದ್ರಿಸುತ್ತಿದ್ದ ದೈತ್ಯನಿಗೆ ಬೆಂಕಿಯಿಟ್ಟನು. ಮಡಿಚಿ ಮಲಗಿದ್ದ ಅವನ ದೇಹ ಉರಿದು ನೆಲ ಕುಸಿಯಿತು, ಹಿಮ ಕರಗಿ ಆ ಹೊಂಡವನ್ನು ತುಂಬಿತು. ತಲೆ ಇದ್ದ ಕಡೆ ಗ್ಲೆನಾರ್ಕಿ, ಮೊಣಕಾಲು ಇದ್ದ ಕಡೆ ಕ್ವೀನ್ಸ್‌ಟೌನ್, ಪಾದಗಳಿದ್ದ ಕಡೆ ಕಿಂಗ್‌ಸ್ಟನ್. ಆದರೆ ಅವನ ಹೃದಯ ಮಾತ್ರ ಸುಡಲಿಲ್ಲ; ಅದು ಇನ್ನೂ ಮಿಡಿಯುತ್ತಿರುವುದರಿಂದಲೇ ಸರೋವರದ ನೀರು ಏರಿಳಿಯುತ್ತದೆಯಂತೆ. ನೀರು ಏರಿಳಿಯುವುದು ಸುಳ್ಳಲ್ಲ. ಸುಮಾರು ೨೫ ನಿಮಿಷಕ್ಕೊಮ್ಮೆ ಅದು ೧೦ ಸೆಂಟಿಮೀಟರಿನಷ್ಟು ಏರಿ ಇಳಿಯುತ್ತದೆ. ಗಾಳಿಯೂ ವಾಯುಭಾರವೂ ನೀರನ್ನು ಒಂದು ತುದಿಗೆ ಒತ್ತಿ ಬಿಟ್ಟಾಗ, ಎತ್ತಿದ ತಾಟಿನಲ್ಲಿಯ ನೀರು ಅತ್ತಿತ್ತ ತುಳುಕುವಂತೆ ಇಡೀ ಸರೋವರ ತುಳುಕುತ್ತದೆ ಎಂಬುದು ವಿಜ್ಞಾನದ ವಿವರಣೆ. ಮೊಮ್ಮಗಳು ಎರಡನ್ನೂ ಕೇಳಿ, “ಸಂಜಿಗೆ ನಾವು ಅಳದು ನೋಡೋಣು” ಎಂದಳು.

ಹನ್ನೊಂದು ಗಂಟೆಗೆ ‘ಅರ್ನ್‌ಸ್ಲಾ’ ಎಂಬ ಉಗಿಹಡಗನ್ನು ಏರಿದೆವು. ೧೯೧೨ರಲ್ಲಿ ನೀರಿಗಿಳಿದ ಹಡಗು ಅದು. ಡನೀಡಿನ್ ಪಟ್ಟಣದಲ್ಲಿ ಜೋಡಿಸಿ, ಮತ್ತೆ ಬಿಚ್ಚಿ, ರೈಲಿನ ಮೇಲೆ ಕಿಂಗ್‌ಸ್ಟನ್ನಿಗೆ ತಂದು, ಅಲ್ಲಿ ಪುನಃ ಜೋಡಿಸಿದರು. ರಸ್ತೆಗಳಿಲ್ಲದ ಆ ಕಾಲದಲ್ಲಿ ದಂಡೆಯ ಒಕ್ಕಲುಗಳಿಗೆ ಅದೇ ಬಂಡಿ, ಅದೇ ಅಂಚೆ. ಒಮ್ಮೆಗೆ ೧,೫೦೦ ಕುರಿಗಳನ್ನು ಸಾಗಿಸಬಲ್ಲದ್ದಾಗಿತ್ತಂತೆ. ಹಡಗಿನ ನಡುವೆ ಒಂದು ಕಟಾಂಜನದ ಬಳಿ ನಿಂತರೆ ಯಂತ್ರಗಳೂ, ಕುಲುಮೆಯೂ ಕೆಳಗೆ ಕಾಣುತ್ತವೆ. ಮಸಿ ಮೆತ್ತಿದ ಯುವಕನೊಬ್ಬನು ಸಲಿಕೆಯಿಂದ ಕಲ್ಲಿದ್ದಲನ್ನು ಬೆಂಕಿಯ ಬಾಯಿಗೆ ಎಸೆಯುತ್ತಿದ್ದನು. ಗಂಟೆಗೆ ಸುಮಾರು ಒಂದು ಟನ್ ಕಲ್ಲಿದ್ದಲು ಬೇಕು. ಮೇಲೆ ಪ್ರವಾಸಿಗರು ಪಿಯಾನೊ ಸುತ್ತ ನೆರೆದು ಹಾಡುತ್ತಿದ್ದರು. ಅವನು ತಲೆ ಎತ್ತಲಿಲ್ಲ. ನಾವು ಬಹಳ ಹೊತ್ತು ಅಲ್ಲಿಯೇ ನಿಂತೆವು. ಇಷ್ಟು ತಿಳಿಯಾದ ನೀರಿನ ಮೇಲೆ ಅಷ್ಟು ಕಪ್ಪು ಹೊಗೆ ಎಂಬ ವಿಚಾರವೂ ಬಾರದಿರಲಿಲ್ಲ. ಒಳ್ಳೆಯ ಊರಿಗೂ ತನ್ನದೇ ಆದ ಒಳತೊಡಕುಗಳಿರುತ್ತವೆ.

ಈ ಊರು ಹುಟ್ಟಿದ ಕಥೆಯೂ ಹಾಗೆಯೇ ಇದೆ. ೧೮೬೦ರಲ್ಲಿ ವಿಲಿಯಂ ರೀಸ್ ಎಂಬವನು ಇಲ್ಲಿ ಕುರಿಗಳನ್ನು ಬಿಟ್ಟು ಮನೆ ಕಟ್ಟಿದನು. ಎರಡೇ ವರ್ಷಗಳಲ್ಲಿ, ಅವನಲ್ಲಿ ಕೆಲಸಕ್ಕಿದ್ದ ಜ್ಯಾಕ್ ಟೇವಾ ಎಂಬ ಮಾವೊರಿಯು ಹತ್ತಿರದ ಆರೋ ನದಿಯಲ್ಲಿ ಚಿನ್ನವನ್ನು ಕಂಡನು. ಸಾವಿರಾರು ಜನ ನುಗ್ಗಿದರು. ರೀಸನು ತನ್ನ ಉಣ್ಣೆಯ ಕೊಟ್ಟಿಗೆಯನ್ನೇ ವಸತಿಗೃಹವಾಗಿ ಮಾರ್ಪಡಿಸಿದನು. ಚಿನ್ನದ ಈ ಪ್ರಾಂತಕ್ಕೆ ಒಟಾಗೊ ಎಂದು ಹೆಸರು. ಅಲ್ಲಿ ಚಿನ್ನವನ್ನು ಮೊದಲು ಕಂಡವರಲ್ಲಿ ಭಾರತದಿಂದ ಬಂದಿದ್ದ ಎಡ್ವರ್ಡ್ ಪೀಟರ್ಸ್ ಎಂಬವನೂ ಒಬ್ಬನು. ಅದು ೧೮೫೮ರ ಸುಮಾರಿನ ಮಾತು. ಆದರೆ ಕೀರ್ತಿಯು ಸಂದದ್ದು ೧೮೬೧ರಲ್ಲಿ ಚಿನ್ನವನ್ನು ಕಂಡ ಗೇಬ್ರಿಯಲ್ ರೀಡ್‌ನಿಗೆ. ಅಗೆದವನೊಬ್ಬ, ಹೆಸರು ಪಡೆದವನೊಬ್ಬ. ಚಿನ್ನ ಮುಗಿದ ಮೇಲೆ ಊರು ಬಡವಾಯಿತು. ಇಂದು ಅದು ಬದುಕುತ್ತಿರುವುದು ನೀರು, ಬೆಟ್ಟ, ಹಿಮ ಇವುಗಳನ್ನು ನೋಡಲು ಬರುವ ಜನರಿಂದ. ಅಗೆದು ತೆಗೆದ ಚಿನ್ನ ಕೆಲವೇ ವರ್ಷ ಬಂದಿತು. ಅಗೆಯದೆ ಕಾಯ್ದುಕೊಂಡ ಚಿನ್ನ ಇನ್ನೂ ಅನ್ನ ನೀಡುತ್ತಿದೆ.

ಮಧ್ಯಾಹ್ನ ವಾಹನಕ್ಕೆ ಮರಳಿ ಸೊಸೆ ಮಾಡಿದ ಚಪಾತಿ, ಬದನೆಕಾಯಿ ಪಲ್ಯ, ನಮ್ಮ ಮನೆಯವರು ಊರಿನಿಂದ ತಂದ ಶೇಂಗಾ ಚಟ್ನಿಪುಡಿ ಉಂಡೆವು. ಆ ಚಟ್ನಿಪುಡಿಗೂ ಒಂದು ಕಥೆಯಿದೆ. ವಿಮಾನನಿಲ್ದಾಣದಲ್ಲಿ ಅಧಿಕಾರಿಗಳು ತಿನಿಸುಗಳನ್ನೆಲ್ಲ ಬಿಚ್ಚಿ ನೋಡಿದರು. ನಮ್ಮ ಪಾದರಕ್ಷೆಯ ಅಡಿಯ ಮಣ್ಣನ್ನೂ ನೋಡಿದರು. ತಂದದ್ದನ್ನು ಬರೆದು ತಿಳಿಸದೆ ಮುಚ್ಚಿಟ್ಟರೆ ೪೦೦ ಡಾಲರ್ ದಂಡ. ನಮಗೆ ಆಗ ಅದು ಅತಿಯೆನಿಸಿತು. ಮಗನು ಹೇಳಿದ ಮಾತು ಕೇಳಿ ಸುಮ್ಮನಾದೆವು. ‘ಡಿಡಿಮೊ’ ಎಂಬ ಹೊರನಾಡಿನ ಒಂದು ಪಾಚಿ ೨೦೦೪ರಲ್ಲಿ ಈ ದ್ವೀಪದ ನದಿಯೊಂದರಲ್ಲಿ ಕಾಣಿಸಿಕೊಂಡು, ಈಗ ಅನೇಕ ನದಿಗಳ ಕಲ್ಲುಗಳಿಗೆ ಲೋಳೆಯಂತೆ ಮೆತ್ತಿಕೊಂಡಿದೆ. ಒಂದು ಹನಿ ನೀರಿನಲ್ಲಿಯೂ ಅದು ದಾಟಬಲ್ಲದು. ಒಮ್ಮೆ ಬಂದುದನ್ನು ಹೊರಹಾಕುವ ಉಪಾಯ ಇನ್ನೂ ಸಿಕ್ಕಿಲ್ಲ.

ಊಟವಾದ ಮೇಲೆ ಊರ ಬೆನ್ನಿಗಿರುವ ಬೆಟ್ಟಕ್ಕೆ ತಂತಿಯ ತೊಟ್ಟಿಲಿನಲ್ಲಿ ಹೋದೆವು. ೧೯೬೭ರಿಂದ ಅಲ್ಲಿ ಈ ವ್ಯವಸ್ಥೆಯಿದೆ. ಊರಿನಿಂದ ಸುಮಾರು ೪೫೦ ಮೀಟರ್ ಮೇಲೆ ನಿಂತರೆ ಸರೋವರದ ಮುರಿದ ರೇಖೆ, ಸುತ್ತಣ ಪರ್ವತಗಳು ಒಂದೇ ನೋಟದಲ್ಲಿ ಸಿಗುತ್ತವೆ. ದಟ್ಟ ಹಸುರಿನ ಫರ್ ಮರಗಳನ್ನು ನಾವು ಹೊಗಳಿದಾಗ, ಅವು ಹೊರಗಿನಿಂದ ತಂದು ನೆಟ್ಟು, ತಾವಾಗಿ ಹಬ್ಬಿ, ಅಲ್ಲಿಯ ಹುಲ್ಲುಗಾವಲನ್ನು ನುಂಗುತ್ತಿರುವ ಮರಗಳೆಂದೂ, ಅವನ್ನು ಕಡಿದು ತೆಗೆಯುವ ಕೆಲಸ ನಡೆದಿದೆಯೆಂದೂ ಸೊಸೆ ಹೇಳಿದಳು.

ಮೇಲೆ ‘ಲ್ಯೂಜ್’ ಎಂಬ ಒಂದು ಆಟ. ಮೂರು ಗಾಲಿಯ ಪುಟ್ಟ ಬಂಡಿಯಲ್ಲಿ ಕುಳಿತು, ಯಂತ್ರವಿಲ್ಲದೆ, ಇಳಿಜಾರಿನ ಬಲದಿಂದಲೇ ಸುತ್ತು ಸುತ್ತಾದ ದಾರಿಯಲ್ಲಿ ಕೆಳಗಿಳಿಯುವುದು. ಹಿಡಿಕೆಯನ್ನು ತಮ್ಮತ್ತ ಎಳೆದರೆ ವೇಗ ಕುಗ್ಗುತ್ತದೆ. ಮೊಮ್ಮಗಳು, “ಅಜ್ಜಾ, ನೀವೂ ಬರ್ರಿ” ಎಂದು ಹಟ ಹಿಡಿದಳು. ನಾವು ಒಲ್ಲೆನೆಂದೆವು. ವಿನೋದವೆಂದರೆ ಕಾಲಹರಣ, ಹಿರಿಯರಿಗೆ ಸಲ್ಲದ್ದು ಎಂಬ ಭಾವನೆಯಲ್ಲಿಯೇ ಬೆಳೆದವರು ನಾವು. ಆದರೆ ಬೆಳಿಗ್ಗೆ ಅವಳ ಮುಂದೆ ತಗ್ಗಿದ ತಲೆ ಈಗ ಬಿಗಿಯಾಗಿ ನಿಲ್ಲಲಿಲ್ಲ. ಬಿಳಿಯ ಟೋಪಿಯನ್ನು ನಮ್ಮ ಮನೆಯವರ ಕೈಗೆ ಕೊಟ್ಟು, ಹೆಲ್ಮೆಟ್ಟನ್ನು ಕಟ್ಟಿಕೊಂಡು ಬಂಡಿಯಲ್ಲಿ ಕುಳಿತೆವು.

ಮೊದಲ ತಿರುವಿನಲ್ಲಿ ಪ್ರಾಣವೇ ಹೋದಂತಾಯಿತು. ಎರಡನೆಯದರಲ್ಲಿ ಹಿಡಿಕೆಯ ಹದ ತಿಳಿಯಿತು. ಮೂರನೆಯದರ ನಂತರ ಗಾಳಿ ಕಿವಿಯಲ್ಲಿ ಹಾಡತೊಡಗಿತು. ಮೊಮ್ಮಗಳು ಮುಂದೆ ಕೂಗುತ್ತ ಹೋದರೆ ಹಿಂದೆ ನಾವೂ ಕೂಗುತ್ತಿದ್ದೇವೆಂದು ತಡವಾಗಿ ತಿಳಿಯಿತು. ಕುರ್ಚಿಯ ತಂತಿಯಲ್ಲಿ ಮೇಲೆ ಮರಳಿ ಬಂದಾಗ ನಮ್ಮ ಮನೆಯವರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಗಾಬರಿಯಾಗಿ ಕೇಳಿದರೆ, ನಕ್ಕು ನಕ್ಕು ಬಂದ ನೀರು. “ಏನ್ರೀ, ನಲವತ್ತು ವರ್ಷದಾಗ ನೀವು ಹಿಂಗ ನಕ್ಕದ್ದು ನಾ ನೋಡಿದ್ದಿಲ್ಲ” ಎಂದರು. ಆ ಮಾತು ಹೊಗಳಿಕೆಯೋ, ದೂರೋ ಎಂಬುದನ್ನು ನಾವು ಕೇಳಲಿಲ್ಲ. ಎರಡೂ ಹೌದೆಂದು ನಮಗೆ ತಿಳಿದಿತ್ತು. ನಾವು ಇನ್ನೊಮ್ಮೆ ಇಳಿದೆವು.

ಸಂಜೆ ಸೂರ್ಯನು ಬೆಟ್ಟದ ಹಿಂದೆ ಸರಿಯುವ ಹೊತ್ತಿಗೆ ದಂಡೆಗೆ ಬಂದೆವು. ಅಲೆಗಳಿಲ್ಲದ ಒಂದು ಮೂಲೆಯನ್ನು ಹುಡುಕಿ, ಮೊಮ್ಮಗಳು ನೀರಿನ ಅಂಚಿನಲ್ಲಿ ಒಂದು ಕೋಲು ನೆಟ್ಟು, ನೀರು ಮುಟ್ಟಿದ ಕಡೆ ದಾರ ಕಟ್ಟಿದಳು. ತಂದೆಯ ಗಡಿಯಾರವನ್ನು ಕೈಯಲ್ಲಿ ಹಿಡಿದು ಕುಳಿತಳು. ನಾವೆಲ್ಲರೂ ಸುಮ್ಮನೆ ಕುಳಿತೆವು. ಐದು ಜನ ಒಂದೂ ಮಾತಾಡದೆ ಅಷ್ಟು ಹೊತ್ತು ಕುಳಿತದ್ದು ಆ ಪ್ರವಾಸದಲ್ಲಿ ಅದೇ ಮೊದಲು. ನೀರು ಕಣ್ಣಿಗೆ ಕಾಣದಂತೆ ಏರಿತು. ಹನ್ನೆರಡನೆಯ ನಿಮಿಷದ ಹೊತ್ತಿಗೆ ದಾರವು ನಾಲ್ಕು ಬೆರಳಿನಷ್ಟು ನೀರಿನೊಳಗಿತ್ತು. ಮತ್ತೆ ಅಷ್ಟೇ ಮೆಲ್ಲಗೆ ಇಳಿದು ದಾರವು ಬಯಲಾಯಿತು. “ಉಸಿರಾಡ್ತು” ಎಂದು ಮೊಮ್ಮಗಳು ಪಿಸುಗುಟ್ಟಿದಳು.

ಆಗ ಮಗನು ಮಾತೆತ್ತಿದನು. ಬಹುದಿನಗಳಿಂದ ಅವನ ಮನಸ್ಸಿನಲ್ಲಿದ್ದ ಮಾತು ಅದು. “ಅಪ್ಪಾರ, ನೀವಿಬ್ಬರೂ ಇನ್ನ ಅಲ್ಲಿ ಒಂಟಿಯಾಗಿ ಯಾಕ ಇರಬೇಕು? ಇಲ್ಲೇ ಇದ್ದುಬಿಡ್ರಿ.” ನಾವು ಸರೋವರವನ್ನು ನೋಡುತ್ತಿದ್ದೆವು. ಉತ್ತರ ಹೇಳಿದವರು ನಮ್ಮ ಮನೆಯವರು. “ಏರಿದ ನೀರು ಇಳೀಬೇಕಲ್ಲಪ್ಪಾ. ನಾವು ಬರ್ತೇವಿ, ಹೋಗ್ತೇವಿ. ಅಲ್ಲಿ ನಮ್ಮ ಮಲ್ಲಿಗಿ ಬಳ್ಳಿಗೆ ನೀರು ಹಾಕೋರು ಯಾರು?” ಮಗನು ಮತ್ತೆ ಕೇಳಲಿಲ್ಲ. ಕತ್ತಲಾಗುವವರೆಗೆ ತಾಯಿಯ ಪಕ್ಕದಲ್ಲಿಯೇ ಕುಳಿತಿದ್ದನು.

ಮರುದಿನ ಬೆಳಿಗ್ಗೆ ಹೊರಡುವ ಮುನ್ನ ತೊಟ್ಟಿಗಳನ್ನು ಬರಿದು ಮಾಡಬೇಕಾಗಿತ್ತು. ಅದಕ್ಕೆಂದೇ ಕಟ್ಟಿದ ಸ್ಥಳವಿದೆ. ‘ಡಂಪ್ ಸ್ಟೇಷನ್’ ಎನ್ನುತ್ತಾರೆ. ಅಲ್ಲಿ ಸುರಿದದ್ದು ಊರಿನ ಒಳಚರಂಡಿಯನ್ನು ಸೇರಿ, ಶುದ್ಧೀಕರಣದ ಘಟಕಕ್ಕೆ ಹೋಗುತ್ತದೆ, ಸರೋವರಕ್ಕೆ ಅಲ್ಲ. ಕೊಳವೆ ಜೋಡಿಸಿದರೆ ಬಳಸಿದ ನೀರು ತಾನೇ ಇಳಿಯುತ್ತದೆ. ಶೌಚದ ಪೆಟ್ಟಿಗೆಯನ್ನು ಮಾತ್ರ ವಾಹನದ ಪಕ್ಕದ ಬಾಗಿಲಿನಿಂದ ಎಳೆದು, ಕೈಯಲ್ಲಿ ಹಿಡಿದು ಒಯ್ದು,ಗುಂಡಿಗೆ ಸುರಿದು, ತೊಳೆದು ತರಬೇಕು. ಅಷ್ಟು ದಿನ ಮಗನೇ ಅದನ್ನು ಮಾಡುತ್ತಿದ್ದನು. ನಾವು ಆ ಹೊತ್ತಿಗೆ ಬೇರೆ ಕಡೆ ನೋಡುತ್ತ ನಿಲ್ಲುತ್ತಿದ್ದೆವು. ಆ ದಿನ ಸಾಲಿನಲ್ಲಿ ನಮ್ಮ ಮುಂದೆ ಬಿಳಿಗೂದಲಿನ ಒಬ್ಬ ಗೃಹಸ್ಥರು, ಕೈಗವಸು ತೊಟ್ಟು, ತಮ್ಮ ಪೆಟ್ಟಿಗೆಯನ್ನು ತೊಳೆದು, ನಮ್ಮತ್ತ ನೋಡಿ ಶುಭೋದಯ ಹೇಳಿದರು. ನಾವು ಮಗನ ಕೈಯಿಂದ ಕೈಗವಸುಗಳನ್ನು ಕೇಳಿದೆವು. “ಅಪ್ಪಾರ, ನೀವ್ಯಾಕ್ರಿ?” ಎಂದು ಅವನು ಹಿಂದೆ ಸರಿದನು. “ಐದು ಜನರಲ್ಲಿ ನಾವೂ ಒಬ್ಬರು” ಎಂದು ಪೆಟ್ಟಿಗೆಯನ್ನು ತೆಗೆದುಕೊಂಡೆವು.

ಅದು ಭಾರವಾಗಿತ್ತು. ಹತ್ತಿಪ್ಪತ್ತು ಹೆಜ್ಜೆಗಳ ದಾರಿಯಲ್ಲಿ ನಮಗೆ ಬಾಲ್ಯದ ಒಬ್ಬ ಮುದುಕನ ನೆನಪಾಯಿತು. ನಸುಕಿನಲ್ಲಿ, ಹುಡುಗರು ಏಳುವ ಮೊದಲೇ, ಹಿತ್ತಿಲಿನ ಬಾಗಿಲಿನಿಂದ ಬಂದು ಪಾಯಿಖಾನೆಯ ಬುಟ್ಟಿಗಳನ್ನು ತಲೆಯ ಮೇಲೆ ಹೊತ್ತು ಹೋಗುತ್ತಿದ್ದವನು. ಆ ಬೆಂಕಿಯ ಮುಂದಿನ ಯುವಕನಂತೆ ಅವನೂ ತಲೆ ಎತ್ತುತ್ತಿರಲಿಲ್ಲ. ಏಳು ವರ್ಷ ಅಲ್ಲಿದ್ದ ನಾವು ಒಮ್ಮೆಯೂ ಅವನ ಹೆಸರನ್ನು ಕೇಳಲಿಲ್ಲ. ಸಮಾನತೆಯ ಮೇಲೆ ಎಷ್ಟೋ ಉಪನ್ಯಾಸಗಳನ್ನು ಮಾಡಿದ್ದೇವೆ. ಆ ಹೆಸರು ನಮಗೆ ಇಂದಿಗೂ ತಿಳಿಯದು.

೧೯೭೦ರ ದಶಕದಲ್ಲಿ ದೇವರಾಜ ಅರಸು ಅವರ ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಮ್ಮ ರಾಜ್ಯದಲ್ಲಿ ನಿಷೇಧಿಸಿದರು. ಸಂಸತ್ತಿನ ಕಾಯಿದೆಗಳು ೧೯೯೩ರಲ್ಲಿಯೂ, ಇನ್ನಷ್ಟು ಬಿಗಿಯಾಗಿ ೨೦೧೩ರಲ್ಲಿಯೂ ಬಂದವು. ಆದರೂ ಗುಂಡಿಗಿಳಿದವರು ಉಸಿರುಗಟ್ಟಿ ಸತ್ತ ಸುದ್ದಿ ಪತ್ರಿಕೆಗಳಲ್ಲಿ ನಿಂತಿಲ್ಲ. ಹೊಲಸು ನಮ್ಮದು, ಅದನ್ನು ಹೊರುವವರು ಬೇರೆ ಎಂಬ ಭಾವನೆ ಮನಸ್ಸಿನಿಂದ ಹೋಗದೆ ಕಾಯಿದೆಯೊಂದರಿಂದಲೇ ಈ ಕೆಲಸ ಆಗದು. ನಮ್ಮೂರ ಕೆರೆಯ ನೀರನ್ನು ನಾವು ಹುಡುಗರಾಗಿದ್ದಾಗ ಬೊಗಸೆಯಲ್ಲಿ ಕುಡಿದಿದ್ದೇವೆ. ಇಂದು ಅದರ ದಂಡೆಯಲ್ಲಿ ಮೂಗು ಮುಚ್ಚಿಕೊಂಡು ನಡೆಯುತ್ತೇವೆ. ಅದನ್ನು ಕೆಡಿಸಿದವರು ಯಾರೋ ಹೊರಗಿನವರಲ್ಲ. ಒಂದೊಂದು ಮನೆಯಿಂದ ಅರ್ಧರ್ಧ ಪಾತ್ರೆ ಚೆಲ್ಲಿದ ನಾವೇ.

ಊರಿಗೆ ಮರಳಿದ ಮೇಲೆ ನಮ್ಮ ಮನೆಯ ಬಚ್ಚಲಿನ ನೀರನ್ನು ಚರಂಡಿಗೆ ಬಿಡದೆ, ಮೊದಲಿನಂತೆ ಹಿತ್ತಿಲಿನ ಬಾಳೆಗೆ ತಿರುಗಿಸಿದ್ದೇವೆ; ಸೀಗೆಪುಡಿಯೂ ಮನೆಗೆ ಮರಳಿದೆ. ಪಾಯಿಖಾನೆಯನ್ನು ವಾರಕ್ಕೊಮ್ಮೆ ನಾವೇ ತೊಳೆಯುತ್ತೇವೆ. ಇದು ದೊಡ್ಡ ಸಾಧನೆಯಲ್ಲ. ಅರವತ್ತು ವರ್ಷಗಳ ಹಿಂದೆಯೇ ಆಗಬೇಕಾಗಿದ್ದ ಕೆಲಸ. ಮೊನ್ನೆ ದೂರವಾಣಿಯಲ್ಲಿ ಮೊಮ್ಮಗಳಿಗೆ ಬಾಳೆ ಗೊನೆ ಬಿಟ್ಟ ಸುದ್ದಿಯನ್ನು ಹೇಳಿದೆವು. ಅವಳು ಕೇಳಿದ್ದು ಒಂದೇ ಪ್ರಶ್ನೆ: “ಅಜ್ಜಾ, ಮತ್ತ ಯಾವಾಗ ಬಂಡ್ಯಾಗ ಜಾರೋಣು?”